ತಾಸಿಗೆ 32 ರೂಪಾಯಿ

ಧಾರವಾಡದಲ್ಲಿ ಎಂ.ಕಾಂ. ಓದುವ ಹುಡುಗ, ಕೊಪ್ಪಳ ಜಿಲ್ಲೆಯ ಹಳ್ಳಿಯವನು. ಹೆಸರು ಬಸವರಾಜ ಅಂತಿಟ್ಟುಕೊಳ್ಳಿ, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹಾಜರಾತಿ ಶೇ. 60ಕ್ಕೆ ಇಳಿದಿತ್ತು, ಪರೀಕ್ಷೆಗೆ ಕೂರಲು 75 ಬೇಕು. ಅದಕ್ಕೇ ಅವನ ಮೇಷ್ಟ್ರು ನನ್ನ ಹತ್ತಿರ ಕಳಿಸಿದ್ದರು.

“ಕ್ಲಾಸಿನ್ಯಾಗ ಕುಂತ್ರ ನಿದ್ದಿ ಹತ್ತತೈತ್ರಿ ಮೇಡಂ” ಎಂದ. ಸಂಜೆ 7ರಿಂದ ರಾತ್ರಿ 12ರವರೆಗೆ ಊಟದ ಡೆಲಿವರಿ, ವಾರಕ್ಕೆ ಆರು ದಿನ. ಹಾಸ್ಟೆಲ್ ಸೀಟು ಸಿಗದೆ ಗೆಳೆಯರ ಜೊತೆ ರೂಮು ಮಾಡಿದ್ದ. ಬಾಡಿಗೆಯ ಪಾಲು 2,200, ಖಾನಾವಳಿಗೆ 2,800. ಮಳೆ ಕೈಕೊಟ್ಟು ಅಣ್ಣ ಕಳಿಸುತ್ತಿದ್ದ ದುಡ್ಡು ನಿಂತಿತ್ತು. ಎರಡು ತಿಂಗಳ ಖಾನಾವಳಿ ಬಾಕಿಯಿಂದಾಗಿ ಆ ಓಣಿಯನ್ನೇ ತಪ್ಪಿಸಿ ಸುತ್ತು ಹಾಕಿ ಓಡಾಡುತ್ತಿದ್ದ.

ದಿನಕ್ಕೆ ಎಷ್ಟು ದುಡೀತೀಯಪ್ಪ ಎಂದೆ. “350 ರೀ.” ಹಾಳೆ ಕೊಟ್ಟು ಖರ್ಚು ಬರೆಸಿದೆ. ಪೆಟ್ರೋಲ್ 110. ಅಣ್ಣನ ಹಳೇ ಬೈಕಿನ ಆಯಿಲ್ಲು, ಪಂಕ್ಚರು ಸೇರಿ 30. ಹಸಿವು ತಡೆಯದೆ ನಡುವೆ ತಿನ್ನುವ ಎಗ್‌ರೈಸ್ 50. ಉಳಿದದ್ದು 160. ಐದು ತಾಸಿಗೆ ಭಾಗಿಸಿದ, 32 ರೂಪಾಯಿ. ಎಂ.ಕಾಂ. ಹುಡುಗ, ಲಾಭ-ನಷ್ಟದ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತದೆ. ಆದರೆ ಕೈಗೆ ಬಂದದ್ದನ್ನೆಲ್ಲ ಗಳಿಕೆ ಅಂದುಕೊಂಡಿದ್ದ.

ಸ್ಕಾಲರ್‌ಶಿಪ್ ವಿಷಯ ಕೇಳಿದೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಹೋದ ವರ್ಷ ಅರ್ಜಿ ಹಾಕಿದ್ದ, ದುಡ್ಡು ಬಂದಿಲ್ಲವೆಂದು ಕೈಬಿಟ್ಟಿದ್ದ. ಊರಿನ ಬ್ಯಾಂಕಿನ ಪಾಸ್‌ಬುಕ್ಕನ್ನಷ್ಟೇ ನೋಡುತ್ತಿದ್ದ. ಈ ಹಣ ನಾವು ಅಂದುಕೊಂಡ ಖಾತೆಗೇ ಬರಬೇಕೆಂದಿಲ್ಲ, ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆಯೋ, ಅಂದರೆ ಜೋಡಣೆಯಾಗಿದೆಯೋ, ಅಲ್ಲಿಗೆ ಹೋಗುತ್ತದೆ. ಅಲ್ಲೇ ಕೂತು ಮೈಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆಗೆಸಿದೆ. ಬೇರೆ ಬ್ಯಾಂಕಿನ ಹೆಸರು ಬಂತು. ಸಿಮ್ ಕೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದಿದ್ದ ಖಾತೆ ಅದು. ಹೋದ ವರ್ಷದ ದುಡ್ಡು ಅಲ್ಲೇ ಬಿದ್ದಿತ್ತು!

ಇನ್ನೊಂದು, ವಿದ್ಯಾಸಿರಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆಂದು ತಿಂಗಳಿಗಿಷ್ಟು ಅಂತ 10 ತಿಂಗಳಿಗೆ ಕೊಡುವ ಸರ್ಕಾರಿ ನೆರವು. ಇವನು ಅರ್ಜಿಯನ್ನೇ ಹಾಕಿರಲಿಲ್ಲ. ಕೊನೆಯ ದಿನಾಂಕ ಇನ್ನೂ ಇತ್ತು, ಹಾಕಿಸಿದೆ. ಆದರೆ ಅದನ್ನು ತಿಂಗಳ ಖರ್ಚಿಗೆ ನಂಬಿಕೊಳ್ಳಬೇಡ ಅಂದೆ. ಇಂಥ ದುಡ್ಡು ತಡವಾಗಿಯೇ ಬರುವುದು. ಬಂದಾಗ ಫೀಗೋ ಸಾಲಕ್ಕೋ ಆಗುತ್ತದೆ.

ಕೆಲಸ ಪೂರ್ತಿ ಬಿಡು ಎಂದು ನಾನು ಹೇಳಲಿಲ್ಲ. ಹಾಗೆ ಹೇಳುವುದು ಸುಲಭ, ಬಾಡಿಗೆ ಯಾರು ಕಟ್ಟಬೇಕು? ಶನಿವಾರ, ಭಾನುವಾರ ಮಾತ್ರ ಡೆಲಿವರಿ ಮಾಡು, ಆರ್ಡರ್ ಜಾಸ್ತಿ ಇರುವುದೂ ಆಗಲೇ ಅಲ್ವಾ ಎಂದೆ. ಉಳಿದ ದಿನ ರೂಮಿನ ಹತ್ತಿರವೇ ಟ್ಯೂಷನ್ ಹುಡುಕಲು ಹೇಳಿದೆ. ಪಿಯುಸಿ ಅಕೌಂಟೆನ್ಸಿಗೆ ಇಬ್ಬರು ಮಕ್ಕಳು ಸಿಕ್ಕರು, ಇಬ್ಬರಿಂದ ತಿಂಗಳಿಗೆ 3,000. ರಾತ್ರಿ 8ರ ಹೊತ್ತಿಗೆ ರೂಮಿನಲ್ಲಿರುತ್ತಾನೆ.

ಅವನಿಗೆ ಕಷ್ಟವಾದದ್ದು ಖಾನಾವಳಿಗೆ ಹೋಗುವುದು. “ಏನಂತ ಹೇಳ್ಲಿ ರೀ?” ಅಂದ. ಸುಮ್ನೆ ಕ್ಷಮೆ ಕೇಳಿದರೆ ಸಾಲದು, ಕೈಯಲ್ಲಿ 500 ಹಿಡಿದುಕೊಂಡು ಹೋಗಿ ಉಳಿದದ್ದಕ್ಕೆ ತಾರೀಖು ಹೇಳು ಎಂದೆ. ಖಾನಾವಳಿ ನಡೆಸುವ ಅಕ್ಕಾರು ಬೈದರಂತೆ. ಬೈದು, ತಟ್ಟೆಯನ್ನೂ ಹಾಕಿದರಂತೆ.

ಮನೆಗೂ ನಿಜ ಹೇಳಲು ಹೇಳಿದ್ದೆ. ರಾತ್ರಿ ಬೈಕ್ ಓಡಿಸುವುದು ಅಣ್ಣನಿಗೆ ಗೊತ್ತಾಯಿತು, ಅವ್ವನಿಗೆ ಇನ್ನೂ ಹೇಳಿಲ್ಲ. ಅದಕ್ಕೆ ನಾನು ಒತ್ತಾಯ ಮಾಡಿಲ್ಲ. ಹಾಜರಾತಿ ಈಗ 71. ಸೆಮಿಸ್ಟರ್ ಮುಗಿಯಲು ಇನ್ನೂ ಐದು ವಾರ ಇದೆ.