ವಾಲ್ವ್ ಕೈಯಲ್ಲಿದ್ದ ಮಾತ್ರಕ್ಕೆ ಬಲ ಬರುವುದಿಲ್ಲ

ಪ್ರಶ್ನೆ: ನೈಸರ್ಗಿಕ ಅನಿಲದ ನಿಕ್ಷೇಪ ಇರುವ ದೇಶ ಬೇಕೆಂದಾಗ ವಾಲ್ವ್ ಮುಚ್ಚಿ ಉಳಿದವರನ್ನು ಮಣಿಸಬಹುದಲ್ಲವೇ? ರಷ್ಯಾ ಮಾಡಿದ್ದೂ ಅದನ್ನೇ ತಾನೇ?
– ಓದುಗರೊಬ್ಬರು, ಗುಬ್ಬಿ

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತಿರುವುದಕ್ಕೆ ಟಿವಿ ಚರ್ಚೆಗಳೇ ಕಾರಣ, ಅಲ್ಲಿ ಕೂತವರು ನಕ್ಷೆಯ ಮೇಲೆ ಗೆರೆ ಎಳೆದು ಜನರನ್ನು ದಾರಿ ತಪ್ಪಿಸುತ್ತಿದ್ದಾರೆ. ಮಾತುಕತೆ ಮುರಿದುಬಿದ್ದರೆ ಯಾರಿಗೆ ಬೇರೆ ದಾರಿ ಇದೆ ಎಂಬುದರ ಮೇಲೆ ಚೌಕಾಸಿಯ ಬಲ ನಿಂತಿರುತ್ತದೆ.

ನಿಮ್ಮ ಊರಿನ ಲೆಕ್ಕವನ್ನೇ ಹಾಕೋಣ. ಕೊಳವೆಬಾವಿ ಒಬ್ಬರದು, ಅಡಿಕೆ ತೋಟ ಇನ್ನೊಬ್ಬರದು, ನಡುವೆ ಪೈಪು ಹಾಯಬೇಕಾದ ಹೊಲ ಮೂರನೆಯವರದು. ಮೂವರೂ ಕೂಡಿದರೆ ವರ್ಷಕ್ಕೆ 90,000 ರೂಪಾಯಿ ಲಾಭ, ಒಬ್ಬರು ಹಿಂದೆ ಸರಿದರೂ ಏನೂ ಇಲ್ಲ ಎಂದಾದರೆ, ಗಣಿತಜ್ಞ ಲಾಯ್ಡ್ ಶಾಪ್ಲಿ 1953ರಲ್ಲಿ ಮಂಡಿಸಿದ, ಯಾರು ಸೇರಿದರೆ ಲಾಭ ಎಷ್ಟು ಹೆಚ್ಚುತ್ತದೆ ಎಂದು ನೋಡಿ ಪಾಲು ಹಂಚುವ ಸೂತ್ರದಂತೆ ತಲಾ 30,000 ಸಲ್ಲುತ್ತದೆ. ಪಕ್ಕದ ಹೊಲದವರೂ ದಾರಿ ಬಿಡಲು ಒಪ್ಪಿದರೆನ್ನಿ, ಆಗ ಮೊದಲ ಹೊಲದವರ ಪಾಲು 7,500ಕ್ಕೆ ಕುಸಿಯುತ್ತದೆ, ಎರಡನೆಯವರಿಗೂ ಅಷ್ಟೇ; ಬಾವಿಯವರಿಗೂ ತೋಟದವರಿಗೂ ತಲಾ 37,500 ಸೇರುತ್ತದೆ. ಎರಡನೆಯ ಹೊಲದಲ್ಲಿ ಒಂದಡಿ ಪೈಪನ್ನೂ ಹೂಳಬೇಕಿಲ್ಲ, ಆ ದಾರಿ ಇದ್ದರೆ ಸಾಕು. ಇಬ್ಬರೂ ಹೊಲದವರು ಒಗ್ಗಟ್ಟಾಗಿ ಒಂದೇ ಮಾತಿಗೆ ನಿಂತರೆ ಮಾತ್ರ ಆ 30,000 ಮತ್ತೆ ಅವರ ಕಡೆಗೆ ಬರುತ್ತದೆ.

ಯುರೋಪಿನಲ್ಲಿ ನಡೆದದ್ದು ಇದೇ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಪಶ್ಚಿಮಕ್ಕೆ ಹೋಗುವ ರಷ್ಯಾದ ಅನಿಲದ ಬಹುಪಾಲು ಉಕ್ರೇನಿನ ಕೊಳವೆಗಳಲ್ಲೇ ಹರಿಯುತ್ತಿತ್ತು. ಅವನ್ನು ದುರಸ್ತಿ ಮಾಡಿ ಹಿಗ್ಗಿಸಿದ್ದರೆ ಎಷ್ಟೋ ಅಗ್ಗವಾಗುತ್ತಿತ್ತು. ಆದರೂ ಮೊದಲು ಬೆಲಾರುಸ್ ಮತ್ತು ಪೋಲೆಂಡ್ ಮೂಲಕ, 2011ರಲ್ಲಿ ಬಾಲ್ಟಿಕ್ ಸಮುದ್ರದಡಿ 1,224 ಕಿಲೋಮೀಟರ್ ಉದ್ದದ ನಾರ್ಡ್ ಸ್ಟ್ರೀಮ್ ಮೂಲಕ ಹೊಸ ದಾರಿಗಳು ತೆರೆದವು. ಒಮ್ಮೆ ಹೂತ ಕೊಳವೆಯನ್ನು ಕಿತ್ತು ಬೇರೆಡೆ ಒಯ್ಯಲಾಗದು, ಹಾಗಾಗಿ ಹಣ ಸುರಿದ ಮೇಲೆ ನಡುವಿನ ದೇಶ ಸಾಗಣೆ ಶುಲ್ಕ ಏರಿಸದು ಎಂಬ ಭರವಸೆಯನ್ನು ಯಾರೂ ನಂಬಲಿಲ್ಲ. ಸಹಕಾರ ಕೈಗೂಡದೆ ಹೋದದ್ದಕ್ಕೆ ತೆತ್ತ ಬೆಲೆಯೇ ಆ ಸಮುದ್ರದಡಿಯ ಉಕ್ಕು, ಮತ್ತು ಅದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ವಾಲ್ವ್ ಮುಚ್ಚುವ ವಿಚಾರ. 2009ರ ಜನವರಿಯಲ್ಲಿ ಬೆಲೆ ಮತ್ತು ಬಾಕಿಯ ಜಗಳದಿಂದ ಉಕ್ರೇನ್ ಮಾರ್ಗ ಸುಮಾರು ಎರಡು ವಾರ ಪೂರ್ತಿ ನಿಂತುಹೋಗಿ, ಬಲ್ಗೇರಿಯಾ ಮತ್ತು ಸ್ಲೊವಾಕಿಯಾದ ಜನ ಚಳಿಯಲ್ಲಿ ನರಳಿದರು. ಆಮೇಲೆ ಕೊಳ್ಳುವ ದೇಶಗಳು ಅನಿಲ ಹಿಮ್ಮುಖವಾಗಿಯೂ ಹರಿಯುವಂತೆ ಜೋಡಣೆಗಳನ್ನು ಹಾಕಿಕೊಂಡವು, 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ನಂತರ ಹಡಗಿನಲ್ಲಿ ಬರುವ ದ್ರವೀಕೃತ ಅನಿಲದತ್ತ ತಿರುಗಿದವು. ಯುರೋಪಿಗೆ ಹೋಗುತ್ತಿದ್ದ ಪಶ್ಚಿಮ ಸೈಬೀರಿಯಾದ ಅನಿಲವನ್ನು ಚೀನಾಕ್ಕೆ ತಿರುಗಿಸಲು ರಷ್ಯಾಕ್ಕೆ ಕೊಳವೆಯೇ ಇರಲಿಲ್ಲ. 2019ರಲ್ಲಿ ಆರಂಭವಾದ ‘ಪವರ್ ಆಫ್ ಸೈಬೀರಿಯಾ’ ಮಾರ್ಗಕ್ಕೆ ಅನಿಲ ಬರುವುದು ಪೂರ್ವದ ಬೇರೆ ನಿಕ್ಷೇಪಗಳಿಂದ. ಮಣಿಸಲು ಹೊರಟವರೇ ಗಿರಾಕಿಯನ್ನು ಕಳೆದುಕೊಂಡರು.

ಪ್ರಶ್ನೆ: ತುರ್ಕಮೆನಿಸ್ತಾನದ ‘ತಾಪಿ’ ಕೊಳವೆ ಬಂದರೆ ತುಮಕೂರಿನಲ್ಲಿ ಪೈಪ್ ಗ್ಯಾಸ್ ಅಗ್ಗವಾಗುತ್ತದೆಯೇ? – ತಿಪಟೂರು

ಉತ್ತರ: ಆ ಕೊಳವೆ ಅಫ್ಘಾನಿಸ್ತಾನ ಮತ್ತು ಪಾಕಿಸ್ತಾನ ಎರಡನ್ನೂ ದಾಟಿ ಬರಬೇಕು, ಮೇಲಿನ ಉತ್ತರ ಓದಿದ ಮೇಲೂ ಅದನ್ನು ನಂಬಿ ಮನೆಯ ಖರ್ಚು ಲೆಕ್ಕ ಹಾಕಬೇಡಿ.

ಪ್ರಶ್ನೆ: ಪೈಪ್‌ಲೈನ್ ಒಪ್ಪಂದದ ಒಳಸುದ್ದಿ ಇದೆ, ಷೇರು ದುಪ್ಪಟ್ಟಾಗುತ್ತದೆ ಎಂದು ವಾಟ್ಸಾಪ್ ಗುಂಪಿನ ಸಲಹೆಗಾರರು ಹೇಳುತ್ತಿದ್ದಾರೆ. – ಶಿರಾ

ಉತ್ತರ: ಅದು ಶುದ್ಧ ಮೋಸ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ಅವರ ನೋಂದಣಿ ಸಂಖ್ಯೆ ಏನೆಂದು ಕೇಳಿ, ಕೊಡದಿದ್ದರೆ ಇಂದೇ ಆ ಗುಂಪು ಬಿಡಿ.