ಇಂಗ್ಲಿಷ್ ವೀಕ್ ಇದೆ, ವಿದೇಶಾಂಗ ನೀತಿಯ ತರಬೇತಿಗೆ ಈಗಲೇ ಹೋಗಲಾ?

ರಾಯಚೂರಲ್ಲಿ ಬಿಎ ಕೊನೇ ವರ್ಷ. ವಿದೇಶಾಂಗ ನೀತಿ ಮತ್ತು ಕಾರ್ಯತಂತ್ರದ ಸ್ವಾಯತ್ತತೆ (ಯಾವ ಬಣಕ್ಕೂ ಕಟ್ಟುಬೀಳದೆ ದೇಶ ತನ್ನ ನಿರ್ಧಾರ ತಾನೇ ತೆಗೆದುಕೊಳ್ಳೋದು) ಬಗ್ಗೆ ಬೆಂಗಳೂರಲ್ಲಿ ನಡೆಯುವ ವಿದ್ಯಾರ್ಥಿ ತರಬೇತಿಗೆ ಆಯ್ಕೆ ಆಗಿದ್ದೀರಿ. ಇಂಗ್ಲಿಷ್ ಕೋಚಿಂಗ್ ಮುಗಿಸಿಕೊಂಡು ಮುಂದಿನ ವರ್ಷ ಹೋದರೆ ಒಳ್ಳೆಯದಾ ಅಂತ ಕೇಳಿದ್ದೀರಿ. ಊರು, ಕೋರ್ಸು, ಭಯ ಎಲ್ಲ ನಂದೇ. ನಾನು ಸಿಂಧನೂರು ತಾಲೂಕಿನವನು, ಓದಿದ್ದು ರಾಯಚೂರಲ್ಲಿ. ಉಕ್ರೇನ್ ಯುದ್ಧ ಶುರುವಾದ ವರ್ಷ ಇಂಥದ್ದೇ ತರಬೇತಿಗೆ ಹೋಗಿದ್ದೆ.

ಇಂಗ್ಲಿಷಿನಿಂದ ನನಗೆ ಏನೂ ಕಳೆದುಹೋಗಲಿಲ್ಲ. ಕಳೆದುಹೋಗಿದ್ದು ಒಂದು ಟಿಪ್ಪಣಿಯಿಂದ.

ಅಲ್ಲಿ ಒಂದು ಅಭ್ಯಾಸ ಕೊಟ್ಟರು. ಇವತ್ತು 2022ರ ಮಾರ್ಚ್ 1 ಅಂತ ತಿಳಿದುಕೊಳ್ಳಿ. ರಷ್ಯಾವನ್ನು ಖಂಡಿಸುವ ನಿರ್ಣಯ ನಾಳೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಮತಕ್ಕೆ ಬರುತ್ತದೆ. ಭಾರತ ಏನು ಮಾಡಬೇಕು? ಸಚಿವರಿಗೆ ಒಂದೇ ಪುಟದ ಟಿಪ್ಪಣಿ ಬರೆಯಿರಿ, ಕನ್ನಡದಲ್ಲಿ ಬರೆದರೂ ನಡೆಯುತ್ತದೆ.

ನಾನು ರಾತ್ರಿಯೆಲ್ಲ ಕೂತು ಬರೆದೆ. 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ ನಡೆದ ಅಲಿಪ್ತ ದೇಶಗಳ ಸಮ್ಮೇಳನ, ನೆಹರೂ, ಯುಗೊಸ್ಲಾವಿಯದ ಟಿಟೊ, ಈಜಿಪ್ಟಿನ ನಾಸರ್. 1971ರ ಆಗಸ್ಟ್ 9ರ ಭಾರತ-ಸೋವಿಯತ್ ಸ್ನೇಹ ಒಪ್ಪಂದ. 1998ರ ಪೋಖ್ರಾನ್ ಅಣುಪರೀಕ್ಷೆ, ಆಮೇಲೆ ಬಂದ ನಿರ್ಬಂಧಗಳು. ಒಂದು ತಾರೀಖೂ ತಪ್ಪಿರಲಿಲ್ಲ. ಪುಟ ಒಂದಿದ್ದದ್ದು ಮೂರಾಯಿತು. ಕೊನೆಯ ಸಾಲು ಹೀಗಿತ್ತು: 'ಭಾರತ ತನ್ನ ಕಾರ್ಯತಂತ್ರದ ಸ್ವಾಯತ್ತತೆಯನ್ನು ಎತ್ತಿಹಿಡಿಯಬೇಕು.'

ಪಾಠ ಮಾಡುತ್ತಿದ್ದವರು ನಿವೃತ್ತ ರಾಯಭಾರಿ. ಓದಿ ಮುಗಿಸಿ, ಹಾಳೆ ತಿರುಗಿಸಿ ಹಿಂದೆ ಇನ್ನೇನಾದರೂ ಇದೆಯಾ ಅಂತ ನೋಡಿದರು. "ಅಲ್ಲಿ ನಮ್ಮವರ ಮುಂದೆ ಮೂರು ಬಟನ್ ಇರ್ತವೆ. ಹಸಿರು ಪರ, ಕೆಂಪು ವಿರೋಧ, ಹಳದಿ ಅಂದ್ರೆ ಯಾವ ಕಡೆಗೂ ಸೇರದೆ ದೂರ ಉಳಿಯೋದು. ನೀವು ಬರೆದ ಸ್ವಾಯತ್ತತೆ ಯಾವ ಬಟನ್?" ಅಂದರು. ಕ್ಲಾಸೆಲ್ಲ ನಕ್ಕಿತು. ನಾನು ಸುಮ್ನಿರಬೇಕಿತ್ತು. "ಸರ್, ಅದು ತತ್ವ" ಅಂತ ವಾದಕ್ಕೆ ಇಳಿದೆ.

ಏನು ಮಾಡಬೇಕು ಅಂತ ಕೇಳಿದವರಿಗೆ ನಾವು ಯಾರು ಅಂತ ಹೇಳಿ ಕಳಿಸಿದ್ದೆ. ಸ್ವಾಯತ್ತತೆ ಇದ್ದರೆ ಮೂರರಲ್ಲಿ ಯಾವ ಬಟನ್ ಬೇಕಾದರೂ ಒತ್ತಬಹುದು, ಆದರೆ ಯಾವುದನ್ನು ಅಂತ ಅದು ಹೇಳುವುದಿಲ್ಲ. ಅದಕ್ಕೆ ಆವತ್ತಿನ ಲೆಕ್ಕ ಬೇಕು. ಆ ಲೆಕ್ಕದ ಎಷ್ಟೋ ಭಾಗ ನನ್ನ ಹತ್ತಿರ ಇತ್ತು. ಅದೇ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾಗಿದ್ದ. ಸಾವಿರಾರು ಹುಡುಗರು ಇನ್ನೂ ಅಲ್ಲೇ ಇದ್ದರು. ಅವರನ್ನು ಹೊರಗೆ ತರಬೇಕಾದರೆ ಮಾಸ್ಕೋ, ಕೀವ್ ಎರಡೂ ಕಡೆ ಫೋನ್ ಎತ್ತಬೇಕು. ನಮ್ಮ ಸೈನ್ಯದ ಟ್ಯಾಂಕು, ಯುದ್ಧವಿಮಾನಗಳಲ್ಲಿ ಹೆಚ್ಚಿನವು ರಷ್ಯಾ ಮೂಲದವು, ಎಷ್ಟೋ ಬಿಡಿಭಾಗ ಅಲ್ಲಿಂದಲೇ ಬರಬೇಕು.

ಇನ್ನು ಗೊಬ್ಬರ, ಯುದ್ಧದ ಬಿಸಿ ಅದರ ಬೆಲೆಗೂ ತಟ್ಟುತ್ತದೆ. ಡಿಎಪಿಗೆ ಸೊಸೈಟಿ ಮುಂದೆ ಪಾಳಿ ಹಚ್ಚಿದವನು ನಾನು. 50 ಕೆಜಿ ಚೀಲಕ್ಕೆ ನಾವು ಕೊಟ್ಟಿದ್ದು ₹1,350. ಯುದ್ಧ ಶುರುವಾದ ಮೇಲೆ ಆ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪ್ರತಿ ಚೀಲದ ಸಬ್ಸಿಡಿಯನ್ನು ₹1,650ರಿಂದ ₹2,501ಕ್ಕೆ ಏರಿಸಿತ್ತು. ಅಂದರೆ ರೈತ ಕೊಡೋದಕ್ಕಿಂತ ಸರ್ಕಾರ ಕಟ್ಟೋದೇ ಜಾಸ್ತಿ. ಇದೆಲ್ಲ ಹಳ್ಳಿ ವಿಷಯ, ಅಂಥ ಸಭೆಯಲ್ಲಿ ಹೇಳಿದರೆ ನಗ್ತಾರೆ ಅಂತ ಬಿಟ್ಟೆ. ಬೆಲ್‌ಗ್ರೇಡ್ ಬರೆದೆ, ಅದಕ್ಕೇ ನಕ್ಕರು!

ನಿಜವಾಗಿ ನಡೆದದ್ದು ನಿಮಗೆ ಗೊತ್ತಿರಬಹುದು. ನಿರ್ಣಯದ ಪರ 141, ವಿರುದ್ಧ 5. ದೂರ ಉಳಿದ 35 ದೇಶಗಳಲ್ಲಿ ಭಾರತವೂ ಒಂದು. ಅದು ಸರಿಯಾ ತಪ್ಪಾ ಅಂತ ಜಗಳ ಆಡಬಹುದು. ನಾನು ಜಗಳಕ್ಕೂ ಬರಲಿಲ್ಲ, ಅದೇ ತೊಂದರೆ.

ಮುಂದಿನ ಹಂತ ದೆಹಲಿಯಲ್ಲಿತ್ತು, ಸ್ಟೈಪೆಂಡ್ ಸಮೇತ. ನನ್ನ ಹೆಸರು ಬರಲಿಲ್ಲ. ಕಲಬುರಗಿ ಕಡೆಯ ಒಬ್ಬ ಹುಡುಗಿಗೆ ಸಿಕ್ಕಿತು. ಅವಳ ಇಂಗ್ಲಿಷ್ ನನಗಿಂತ ಕಡಿಮೆ. ಅವಳ ಟಿಪ್ಪಣಿಯ ಮೊದಲ ಸಾಲಲ್ಲೇ 'ದೂರ ಉಳಿಯೋಣ' ಅಂತಿತ್ತು. ಯಾರಿಗೆ ಸಿಟ್ಟು ಬರುತ್ತದೆ, ಅವರಿಗೆ ಏನು ಹೇಳಬೇಕು ಅಂತಲೂ ಬರೆದಿದ್ದಳು.

ಹಾಗಾಗಿ ಈ ವರ್ಷವೇ ಹೋಗಿ. ಕೋಚಿಂಗ್ ದುಡ್ಡು ಉಳಿಸಿ. ಸ್ವಾಯತ್ತತೆ ಅಂದರೆ ಯಾರ ಮಾತೂ ಕೇಳದೆ ಎದೆ ಸೆಟೆಸಿ ನಿಲ್ಲೋದು ಅನ್ನುವ ಯೂಟ್ಯೂಬ್ ಭಾಷಣಗಳನ್ನೂ ಬಿಡಿ. 1966ರಲ್ಲಿ ವಿಯೆಟ್ನಾಂ ಮೇಲಿನ ಅಮೆರಿಕದ ಬಾಂಬ್ ದಾಳಿಯನ್ನು ಭಾರತ ಟೀಕಿಸಿದ್ದಕ್ಕೆ ಅಲ್ಲಿನ ಅಧ್ಯಕ್ಷ ಜಾನ್ಸನ್‌ಗೆ ಸಿಟ್ಟು ಬಂದಿತ್ತು. ಬರಗಾಲದಲ್ಲಿದ್ದ ನಮಗೆ ಗೋಧಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರು. ಎದೆ ಎಷ್ಟೇ ಸೆಟೆಸಿದರೂ ಹಡಗು ಬರಬೇಕಿತ್ತಲ್ವಾ?

ಹೊರಡುವ ಮುಂಚೆ ಒಂದು ಬೆಳಿಗ್ಗೆ ರಾಯಚೂರು ಎಪಿಎಂಸಿಯ ಹತ್ತಿ ಮಾರ್ಕೆಟ್ಟಿಗೆ ಹೋಗಿ. ರಷ್ಯಾದ ಎಣ್ಣೆ ಕೊಳ್ತೀರಿ ಅಂತ ಅಮೆರಿಕ ಮೊದಲಿನ 25%ಕ್ಕೆ ಇನ್ನೂ 25% ಸೇರಿಸಿ, 2025ರ ಆಗಸ್ಟ್ 27ರಿಂದ ನಮ್ಮ ಎಷ್ಟೋ ಸರಕಿನ ಮೇಲೆ 50% ಸುಂಕ ಹಾಕಿತು. ಬಟ್ಟೆ ರಫ್ತು ಮಾಡುವವರಿಗೆ ಏಟು ಬಿತ್ತು. ಬಟ್ಟೆ ಉದ್ಯಮಕ್ಕೆ ಅನುಕೂಲ ಆಗಲಿ ಅಂತ ಅದೇ ತಿಂಗಳು ಕೇಂದ್ರ ಸರ್ಕಾರ ಹತ್ತಿಯ ಮೇಲಿನ 11% ಆಮದು ಸುಂಕ ತೆಗೆಯಿತು, ಮೊದಲು ಸೆಪ್ಟೆಂಬರ್ ಕೊನೆಯವರೆಗೆ, ಆಮೇಲೆ ಡಿಸೆಂಬರ್ ಕೊನೆಯವರೆಗೆ. ಆಗ ಗಿರಣಿಗೆ ಹೊರಗಿನ ಹತ್ತಿ ಅಗ್ಗವಾಯಿತು. ನಮ್ಮ ರೈತ ಹತ್ತಿ ಬಿಡಿಸಿ ಮಾರ್ಕೆಟ್ಟಿಗೆ ತರೋದೂ ಅದೇ ತಿಂಗಳುಗಳಲ್ಲಿ. ಇದರ ಬಗ್ಗೆ ದಲಾಲಿ ಅಂಗಡಿಯಲ್ಲಿ ಕೇಳಿ, ಹತ್ತಿ ತಂದವರನ್ನು ಕೇಳಿ. ಆಮೇಲೆ ಆ ಸುಂಕ ತೆಗೆದದ್ದು ಸರಿಯಾ ಅಂತ ಒಂದೇ ಪುಟ ಬರೆಯಿರಿ, ಕನ್ನಡದಲ್ಲೇ. ಮೊದಲ ಸಾಲಲ್ಲಿ ಹೌದು ಅಥವಾ ಇಲ್ಲ ಇರಲಿ.

ಯುಪಿಎಸ್‌ಸಿಗೆ ಉಪಯೋಗ ಆಗುತ್ತಾ ಅಂತ ಕಾಮೆಂಟಲ್ಲಿ ಯಾರೋ ಕೇಳಿದ್ದಾರೆ. ಆದರೆ ಆಗಲಿ, ಅದಕ್ಕೋಸ್ಕರ ಹೋಗಬೇಡಿ.

ಮತ್ತೆ, ಓಡಾಟದ ಖರ್ಚು ಕೊಡ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ನಮಗೆ ಕೊಟ್ಟರು, ಟಿಕೆಟ್ ತೋರಿಸಿದವರಿಗೆ ಮಾತ್ರ. ನನ್ನದು ಅಂಗಿ ಕಿಸೆಯಲ್ಲೇ ಉಳಿದು ನೀರಲ್ಲಿ ನೆನೆದುಹೋಗಿತ್ತು.