ಬೇಲಿಗೆ ಜೆಸಿಬಿ ಬೇಡ

ಪ್ರಶ್ನೆ: ಬನಶಂಕರಿಯ ಮನೆಯನ್ನು ಮಗನಿಗೆ ಬಿಟ್ಟು, ಮಾಗಡಿ ಹತ್ತಿರ 20 ಗುಂಟೆ ಜಾಗದಲ್ಲಿ ಚಿಕ್ಕ ಮನೆ ಕಟ್ಟಿಕೊಂಡಿದ್ದೇವೆ. ಸುತ್ತಲೂ ಲಂಟಾನ, ಲಕ್ಕಿ, ಕತ್ತಾಳೆ. ಎಲ್ಲ ಕ್ಲೀನ್ ಮಾಡಿಸಿ ಲಾನ್ ಹಾಕಿಸಿ ಅನ್ನುತ್ತಾರೆ. ನನಗೆ ಹಕ್ಕಿ, ಚಿಟ್ಟೆ ನೋಡುವ ಆಸೆ. ಚಿತ್ರ ಬಿಡಿಸುವ ಆಸೆಯೂ ಇದೆ, ಆದರೆ ಕಲಿತವಳಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಜೆಸಿಬಿಯವರಿಗೆ ಫೋನ್ ಮಾಡಿ ಬೇಡ ಅಂದುಬಿಡಿ. ತಾವರೆಕೆರೆಯ ಆಚೆ ನಾವು ಜಾಗ ಕೊಂಡಾಗ ನಾನೂ ಹೀಗೇ ಎಲ್ಲ ಬಳಿಸಿಬಿಟ್ಟೆ. ಅರ್ಧ ದಿನದಲ್ಲಿ ಬೇಲಿ ಹೋಯಿತು. ದಿನಾ ಬೆಳಗ್ಗೆ ಅದರೊಳಗಿಂದ ಕೂಗುತ್ತಿದ್ದ ಗೌಜಲಕ್ಕಿಗಳ ಸದ್ದು ಮಾರನೇ ದಿನವೇ ನಿಂತಿತು. ಮತ್ತೆ ಲಕ್ಕಿ, ತಂಗಡಿ, ಬಂದರಿಕೆ ನೆಟ್ಟು, ಅವು ಒತ್ತಾಗಿ ಬೆಳೆದು, ಒಂದು ಜೋಡಿ ವಾಪಸ್ ಬರುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಆ ನಾಲ್ಕು ವರ್ಷ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಲಂಟಾನ ಹೊರಗಿನಿಂದ ಬಂದು ಹಬ್ಬಿದ ಗಿಡ, ತೆಗೆಯಬೇಕು ನಿಜ. ಒಂದೊಂದೇ ಮೂಲೆ ತೆಗೆಯಿರಿ. ಅಲ್ಲಿ ನೆಟ್ಟ ಲಕ್ಕಿಯೋ ತಂಗಡಿಯೋ ಬೇರು ಬಿಟ್ಟ ಮೇಲೆ ಮುಂದಿನ ಮೂಲೆಗೆ ಹೋಗಿ.

ಚಿತ್ರವನ್ನು ಕರಿಬೇವಿನ ಗಿಡದ ಹತ್ತಿರ ಕಲಿಯಿರಿ. ಅವೆನ್ಯೂ ರಸ್ತೆಯಲ್ಲಿ ಸಿಗುವ ಗೆರೆಯಿಲ್ಲದ ನೋಟ್‌ಬುಕ್, ಒಂದು 2ಬಿ ಪೆನ್ಸಿಲ್, ಒಂದು ಭೂತಗನ್ನಡಿ ಸಾಕು. ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಂದು-ಬಿಳಿ ಗುರುತು ಕಂಡರೆ ಒರೆಸಬೇಡಿ, ಬಗ್ಗಿ ನೋಡಿ. ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು ಇರಬಹುದು. ಹಕ್ಕಿಗಳ ಕಣ್ಣು ತಪ್ಪಿಸಲು ಆ ವೇಷ. ನಾಲ್ಕನೇ ಸಲ ಪೊರೆ ಕಳಚಿದ ಮೇಲೆ ಹಸಿರಾಗುತ್ತದೆ. ಆಗ ಹುಲ್ಲುಕಡ್ಡಿಯಿಂದ ಒಂದೇ ಸಲ ಮೆಲ್ಲಗೆ ಮುಟ್ಟಿ. ತಲೆಯ ಹಿಂದಿನಿಂದ ಕೆಂಪನೆಯ ಕವಲುಕೊಂಬು ಹೊರಗೆ ಬರುತ್ತದೆ, ಜೊತೆಗೆ ಘಾಟು ವಾಸನೆ. ಜಾಸ್ತಿ ಕಾಡಬೇಡಿ ಪಾಪ.

ದಿನಾ ಅದೇ ಹುಳುವನ್ನು ಬಿಡಿಸಿ. ಉದ್ದ ಎಷ್ಟು, ಯಾವ ದಿನ, ಮಳೆಯೋ ಬಿಸಿಲೋ, ಪಕ್ಕದಲ್ಲೇ ಬರೆಯಿರಿ. ಮುಂದಿನ ಮೂರು ಜೊತೆ ಕಾಲು ಚೂಪು, ಹಿಂದಿನವು ಮೊಂಡು ಅನ್ನುವುದು ನನಗೆ ತಿಳಿದದ್ದು ಪೆನ್ಸಿಲ್ ಹಿಡಿದು ಕೂತ ಮೇಲೆಯೇ. ಆಮೇಲೆ ಅದು ನಡುವಿಗೆ ರೇಷ್ಮೆ ಎಳೆಯೊಂದನ್ನು ಬಿಗಿದುಕೊಂಡು ಕಡ್ಡಿಗೆ ಒರಗಿ ಕೋಶವಾಗುತ್ತದೆ. ಕಳೆದ ಆಗಸ್ಟ್‌ನ ಕೋಶವೊಂದಕ್ಕೆ ನನ್ನ ಪುಸ್ತಕದಲ್ಲಿ 11 ದಿನ ಅಂತ ಬರೆದಿದೆ.

ಗಂಡು ಚಿಟ್ಟೆ ಕಪ್ಪು, ಹಿಂದಿನ ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳ ಸಾಲು. ಹೆಣ್ಣುಗಳಲ್ಲಿ ಕೆಲವು ಕಾಮನ್ ರೋಸ್ ಚಿಟ್ಟೆಯ ಹಾಗೆಯೇ ಇರುತ್ತವೆ. ರೋಸ್ ಚಿಟ್ಟೆ ಮರಿಯಾಗಿದ್ದಾಗ ಈಶ್ವರಿ ಬಳ್ಳಿ ತಿಂದು ಮೈಯಲ್ಲಿ ವಿಷ ತುಂಬಿಕೊಂಡಿರುತ್ತದೆ, ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಅದರ ರೂಪ ತಾಳಿದರೆ ಇದೂ ಬಚಾವ್. ಬೇಲಿಗೆ ಒಂದು ಈಶ್ವರಿ ಬಳ್ಳಿ ಹಬ್ಬಿಸಿ. ಎರಡನ್ನೂ ಒಂದೇ ಅಂಗಳದಲ್ಲಿ ನೋಡುವ ಯೋಗ ಬರಬಹುದು.

ಪ್ರಶ್ನೆ: ದೊಡ್ಡಬಳ್ಳಾಪುರದ ಕಡೆ ನಮ್ಮ ತೋಟದ ಮನೆಗೆ ಶನಿವಾರ-ಭಾನುವಾರ ಮಕ್ಕಳ ಜೊತೆ ಹೋಗುತ್ತೇವೆ. ಹೋದ ವಾರ ಅಂಗಳದಲ್ಲಿ ಉದ್ದನೆಯ ಹಾವು ಹರಿದುಹೋಯಿತು. ಕೇರೆ ಹಾವು ಅಂದರು. ಗಿಡಗಂಟಿ ಇದ್ದರೆ ಹಾವು ಬರುತ್ತೆ ಅಲ್ವಾ?

ಉತ್ತರ: ಬರುತ್ತದೆ. ಆದರೆ ಅಂಗಳದವರೆಗೆ ಕರೆತರುವುದು ಹೆಚ್ಚಾಗಿ ಇಲಿ. ಕೇರೆಗೆ ವಿಷವಿಲ್ಲ, ಇಲಿ ಹಿಡಿಯುತ್ತದೆ, ಅದರ ಪಾಡಿಗೆ ಬಿಡಿ. ಹಾವು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಬೇಲಿ ಕಡೆ ಗಿಡಗಂಟಿ ಇರಲಿ, ಮನೆಯ ಸುತ್ತ ಹತ್ತಡಿ ಮಾತ್ರ ಹುಲ್ಲು ಸವರಿ ಇಡಿ. ಸೌದೆ, ಇಟ್ಟಿಗೆ ರಾಶಿ ಗೋಡೆಗೆ ಒರಗಿ ಇರಬಾರದು.

ಎಚ್ಚರ ಬೇಕಾದದ್ದು ನಾಗರ, ಕೊಳಕುಮಂಡಲ, ಕಟ್ಟು ಹಾವಿನ ಬಗ್ಗೆ. ಕಟ್ಟು ಹಾವು ಓಡಾಡುವುದು ರಾತ್ರಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ನೋವೂ ಅಷ್ಟಾಗಿ ತಿಳಿಯುವುದಿಲ್ಲ. ಮಕ್ಕಳು ಮಂಚದ ಮೇಲೆ ಮಲಗಲಿ, ಸೊಳ್ಳೆಪರದೆಯ ಅಂಚು ಹಾಸಿಗೆ ಕೆಳಗೆ ಸಿಕ್ಕಿಸಿ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕೈಕಾಲು ಅಲುಗಾಡದ ಹಾಗೆ ಇಟ್ಟು ನೇರ ಆಸ್ಪತ್ರೆಗೆ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಅಂತ ಈ ಶನಿವಾರವೇ ಹೋಗಿ ಕೇಳಿಕೊಂಡು ಬನ್ನಿ, ಮುಂದಕ್ಕೆ ಹಾಕಬೇಡಿ.

ಪ್ರಶ್ನೆ: ಆನೇಕಲ್ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಮುಂಗಾರಿನ ಹೊತ್ತಿಗೆ ಮಿಂಚುಹುಳು ಕಾಣುತ್ತಿದ್ದವು. ಈಗ ಇಲ್ಲ. ಏನು ಮಾಡಬಹುದು?

ಉತ್ತರ: ಗೇಟಿನ ದೀಪ ರಾತ್ರಿಯಿಡೀ ಉರಿಯುತ್ತದೆಯೇ? ಅವು ಬೆಳಕು ಮಿನುಗಿಸಿ ಜೋಡಿ ಹುಡುಕುತ್ತವೆ. ನಮ್ಮ ಬಲ್ಬಿನ ಮುಂದೆ ಅವುಗಳ ಬೆಳಕು ಒಂದಕ್ಕೊಂದು ಕಾಣುವುದೇ ಇಲ್ಲ. ಮರಿಗಳು ಇರುವುದು ತೇವದ ನೆಲದಲ್ಲಿ, ತರಗೆಲೆಯ ಅಡಿ. ಬಸವನಹುಳು ತಿಂದು ಬೆಳೆಯುತ್ತವೆ. ಹಾಗಾಗಿ ತರಗು ಗುಡಿಸಿ ಸುಡಬೇಡಿ, ಔಷಧಿ ಹೊಡೆಯಬೇಡಿ. ಮಳೆ ಬಿದ್ದ ರಾತ್ರಿ ಎಲ್ಲ ದೀಪ ಆರಿಸಿ, ಮೊಬೈಲನ್ನೂ ಒಳಗಿಟ್ಟು, ಇಪ್ಪತ್ತು ನಿಮಿಷ ಜಗಲಿಯಲ್ಲಿ ಸುಮ್ನೆ ಕೂತು ಗಿಡಗಳ ಕಡೆ ನೋಡಿ. ಒಂದು ಮಿನುಗಿದರೂ ನನಗೆ ಬರೆಯಿರಿ.